ಮಳೆಮಾಪಕದ ಲೆಕ್ಕ ಆಸ್ಪತ್ರೆಗೂ ಬೇಕು

ಹವಾಮಾನ ಇಲಾಖೆ ಎಂದರೆ ನಮಗೆ ನೆನಪಾಗುವುದು ಬಿತ್ತನೆ, ಜಲಾಶಯ, ಚಂಡಮಾರುತ. ಆದರೆ ಈ ದೇಶದಲ್ಲಿ ಬಿಸಿಲು, ಮಳೆ, ತೇವಾಂಶವನ್ನು ದಿನವೂ ಅಳೆದು ಬರೆದಿಡಬೇಕೆಂದು ಪಟ್ಟು ಹಿಡಿದವರಲ್ಲಿ ವೈದ್ಯರು ಮುಂದಿದ್ದರು. ಇಲ್ಲಿದ್ದ ಬ್ರಿಟಿಷ್ ಸೈನಿಕರು ಯುದ್ಧಕ್ಕಿಂತ ಹೆಚ್ಚಾಗಿ ಕಾಲರಾ, ಜ್ವರ, ಆಮಶಂಕೆಗೆ ಬಲಿಯಾಗುತ್ತಿದ್ದರು. ಅದರ ತನಿಖೆಗೆ ನೇಮಕವಾದ ರಾಯಲ್ ಕಮಿಷನ್ 1863ರಲ್ಲಿ ವರದಿ ಕೊಟ್ಟಿತು. ಅದರ ಬೆನ್ನಿಗೇ ಪ್ರಾಂತ್ಯಗಳಲ್ಲಿ ನೈರ್ಮಲ್ಯ ಆಯೋಗಗಳು ಬಂದವು. ಹಲವೆಡೆ ಹವೆಯ ಲೆಕ್ಕ ಇಡುವ ಕೆಲಸವೂ ಮೊದಮೊದಲು ಆರೋಗ್ಯಾಧಿಕಾರಿಗಳ ಪಾಲಿಗೇ ಬಿತ್ತು. ಹೆನ್ರಿ ಬ್ಲಾನ್‌ಫೋರ್ಡ್ ಮುಖ್ಯಸ್ಥನಾಗಿ ಭಾರತೀಯ ಹವಾಮಾನ ಇಲಾಖೆ ಶುರುವಾದದ್ದು ಆಮೇಲೆ, 1875ರಲ್ಲಿ.

ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. 1890ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲ್ ಜಾನ್ ಕುಕ್ ಉಸ್ತುವಾರಿಯಲ್ಲಿ ಇಲ್ಲಿ ಹವಾಮಾನ ವೀಕ್ಷಣೆ ಕ್ರಮಬದ್ಧವಾಯಿತು.

ಅಂದಿನ ವೈದ್ಯರ ಸಿದ್ಧಾಂತ ತಪ್ಪಾಗಿತ್ತು. ಕೊಳೆತ ಗಾಳಿಯಿಂದ ರೋಗ ಹರಡುತ್ತದೆಂದು ಅವರು ನಂಬಿದ್ದರು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡ ಮೇಲೆ ಆ ನಂಬಿಕೆಗೆ ನೆಲೆಯೇ ಇಲ್ಲದಾಯಿತು. ದುರದೃಷ್ಟವೆಂದರೆ, ಸಿದ್ಧಾಂತದ ಜೊತೆಗೆ ಹವೆಯ ಮೇಲಿನ ವೈದ್ಯರ ಗಮನವೂ ಸಡಿಲವಾಯಿತು. ಸೊಳ್ಳೆ ಹುಟ್ಟುವುದೂ ಅದರೊಳಗೆ ರೋಗಾಣು ಬಲಿಯುವುದೂ ಮಳೆ ಮತ್ತು ಉಷ್ಣಾಂಶವನ್ನು ನೆಚ್ಚಿಕೊಂಡೇ ಎಂಬುದನ್ನು ಆಡಳಿತ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಹವೆ ಮೈಯನ್ನು ನೇರವಾಗಿಯೂ ಬಾಧಿಸುತ್ತದೆ. ಯಾವುದಾದರೂ ಹವಾಮಾನ ಕೇಂದ್ರದ ಅಂಗಳದಲ್ಲಿ ಕಾಲುಗಳ ಮೇಲೆ ನಿಂತಿರುವ ಬಿಳಿ ಮರದ ಪೆಟ್ಟಿಗೆಯನ್ನು ನೋಡಿ. ಬಿಸಿಲು ನೇರ ಬೀಳದಂತೆ, ಗಾಳಿ ಮಾತ್ರ ಆಡುವಂತೆ ಸುತ್ತ ಓರೆಪಟ್ಟಿಗಳಿರುತ್ತವೆ. ಒಳಗಿನ ಉಷ್ಣಮಾಪಕಗಳಲ್ಲಿ ಒಂದರ ತುದಿಗೆ ತೆಳುವಾದ ಮಲ್ ಬಟ್ಟೆ ಸುತ್ತಿ, ಅದರ ಬತ್ತಿಯನ್ನು ನೀರಿನ ಪುಟ್ಟ ಬಟ್ಟಲಿಗೆ ಇಳಿಬಿಟ್ಟಿರುತ್ತಾರೆ. ಬೆವರಿದ ಮೈಯಂತೆ ಅದು ನೀರು ಆರಿದಷ್ಟೂ ತಣಿಯುತ್ತದೆ. ಹವೆಯಲ್ಲಿ ತೇವ ತುಂಬಿದ್ದರೆ ನೀರು ಆರುವುದಿಲ್ಲ, ಪಾದರಸ ಇಳಿಯುವುದಿಲ್ಲ. ಅಂಥ ದಿನ ಗದ್ದೆಯಲ್ಲಿ ದುಡಿಯುವವರ ಮೈಯೂ ತಣಿಯುವುದಿಲ್ಲ. ಮಂಗಳೂರಿನ 35 ಡಿಗ್ರಿ ಕೆಲವೊಮ್ಮೆ ರಾಯಚೂರಿನ 38ಕ್ಕಿಂತ ಹೆಚ್ಚು ಬಾಧಿಸುವುದು ಇದಕ್ಕೇ. ಬರೀ ಗರಿಷ್ಠ ಉಷ್ಣಾಂಶವನ್ನು ಓದಿ ಮುಗಿಸುವ ಸುದ್ದಿಯಲ್ಲಿ ಈ ಅಪಾಯ ಕಾಣುವುದೇ ಇಲ್ಲ.

ಹವೆಯ ಲೆಕ್ಕ ಆಸ್ಪತ್ರೆಗೂ ಬೇಕೆಂಬ ಪಾಠವನ್ನು ಅಹಮದಾಬಾದ್ ದೊಡ್ಡ ಬೆಲೆ ತೆತ್ತು ಕಲಿಯಿತು. 2010ರ ಮೇ ತಿಂಗಳಲ್ಲಿ ಅಲ್ಲಿ ಬಿಸಿಲು 46.8 ಡಿಗ್ರಿ ಮುಟ್ಟಿತು. ಆ ಒಂದೇ ತಿಂಗಳಲ್ಲಿ ವಾಡಿಕೆಗಿಂತ 1,344 ಮಂದಿ ಹೆಚ್ಚು ಸತ್ತರೆಂದು ನಂತರದ ಅಧ್ಯಯನ ಲೆಕ್ಕ ಹಾಕಿತು. 2013ರಲ್ಲಿ ನಗರಪಾಲಿಕೆ ಬಿಸಿಲಿಗೆಂದೇ ಕ್ರಿಯಾಯೋಜನೆ ತಂದಿತು. ಹವಾಮಾನ ಇಲಾಖೆಯ ಮುನ್ಸೂಚನೆ ಬಂದೊಡನೆ ಆಸ್ಪತ್ರೆಗಳು ಸಜ್ಜಾಗುವ, ಜನರಿಗೆ ಎಚ್ಚರಿಕೆ ಮುಟ್ಟುವ ಏರ್ಪಾಡು ಅದು.

ನಮ್ಮಲ್ಲಿ ಮಾಪಕಗಳಿಗೆ ಬರವಿಲ್ಲ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿ, ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಸಂಸ್ಥೆ ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕ, ಹೋಬಳಿಗಳಲ್ಲಿ ಹವಾಮಾನ ಯಂತ್ರ ನೆಟ್ಟಿದೆ. ಆ ಲೆಕ್ಕ ರೋಗ ತಡೆಗೂ ಒದಗಬಲ್ಲದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯನ್ನೇ ನೋಡಿ: ಅದನ್ನು ಹರಡುವ ಉಣ್ಣೆಮರಿಗಳು ಏಳುವುದು ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ, ಕಾಯಿಲೆ ತಗ್ಗುವುದು ಮುಂಗಾರು ಹಿಡಿದಾಗ. ಇದು ಮಲೆನಾಡಿನ ಪ್ರತಿಯೊಬ್ಬ ಆಶಾ ಕಾರ್ಯಕರ್ತೆಗೂ ಗೊತ್ತು.

ಹೋಬಳಿಯ ಯಂತ್ರದ ಲೆಕ್ಕ ರೈತನ ಫೋನಿಗೆ ಹೋಗುವಷ್ಟೇ ಸಲೀಸಾಗಿ ತಾಲ್ಲೂಕು ಆರೋಗ್ಯಾಧಿಕಾರಿಯ ಮೇಜಿಗೂ ದಿನವೂ ಬರಬೇಕು. ಜ್ವರ, ಬಿಸಿಲಾಘಾತ, ವಾಂತಿಭೇದಿಯ ದಾಖಲೆಯ ಪಕ್ಕದಲ್ಲೇ ಅಂದಿನ ಉಷ್ಣಾಂಶ, ತೇವಾಂಶ, ಮಳೆ ಮೂರನ್ನೂ ಬರೆಯಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ನಿಗಮವೂ ಬೇಡ. ಎರಡು ಇಲಾಖೆಗಳ ನಡುವೆ ಒಂದು ಆದೇಶ ಸಾಕು. ಬಿಸಿಲಿಗೆ ಕಲಬುರಗಿ, ರಾಯಚೂರಿನಿಂದ, ಉಣ್ಣೆಗೆ ಶಿವಮೊಗ್ಗ, ಉತ್ತರ ಕನ್ನಡದಿಂದ ಮೊದಲು ಮಾಡಲಿ, ಮುಂದಿನ ಬೇಸಿಗೆಗೆ ಮುಂಚೆಯೇ.