ಗುರಿಗೆ ಬೇಕಿರುವುದು ಅರ್ಧ ಗ್ರಾಂ ಸೀಸ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಏರ್ ಪಿಸ್ತೂಲಿನಲ್ಲಿ ಎರಡು ಕಂಚು ಗೆದ್ದರು, ಒಂದನ್ನು ಸರಬ್ಜೋತ್ ಸಿಂಗ್ ಜೊತೆಗೂಡಿ. ರೈಫಲ್‌ನಲ್ಲಿ ಕಂಚು ತಂದ ಸ್ವಪ್ನಿಲ್ ಕುಸಾಳೆ ನಮ್ಮ ಪಕ್ಕದ ಕೊಲ್ಹಾಪುರ ಜಿಲ್ಲೆಯವರು, ರೈಲ್ವೆ ನೌಕರರು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹುಡುಗ ಹುಡುಗಿಯರು ಕ್ರೀಡಾ ಕೋಟಾದ ಆಸೆಯಿಂದ ಈ ಆಟದ ಕಡೆ ಕಣ್ಣು ಹಾಯಿಸಿದರೆ ತಪ್ಪೇನಿಲ್ಲ. ಆದರೆ ಗೆಳೆಯರಲ್ಲಿ ಮಾತು ಶುರುವಾಗುವುದು ಮಾತ್ರ ಸಿನಿಮಾದ 9 ಎಂ.ಎಂ. ಪಿಸ್ತೂಲಿನಿಂದ. ಆ ಬೋರ್ ನಮ್ಮ ದೇಶದ ಸಾಮಾನ್ಯ ನಾಗರಿಕರಿಗೆ ನಿಷೇಧಿತ ಎಂಬುದು ಹಲವರಿಗೆ ಗೊತ್ತೇ ಇಲ್ಲ.

ಕಲಿಯುವವರಿಗೆ ಸರಿಯಾದ ಗುಂಡು ಯಾವುದು? ನನ್ನ ಉತ್ತರ: 4.5 ಎಂ.ಎಂ. ಸೀಸದ ಪೆಲೆಟ್. ಮದ್ದಿಲ್ಲ, ಹೊಗೆಯಿಲ್ಲ, ತೂಕ ಸುಮಾರು ಅರ್ಧ ಗ್ರಾಂ. ಸೆಕೆಂಡಿಗೆ 150 ಮೀಟರ್ ವೇಗವೆಂದು ಹಿಡಿದು ಪಿಯುಸಿಯ ಸೂತ್ರ ಹಾಕಿ ನೋಡಿ, ಶಕ್ತಿ 6 ಜೂಲ್ ಕೂಡ ಆಗುವುದಿಲ್ಲ. 25 ಮೀಟರ್ ಸ್ಪರ್ಧೆಗೆ ಬಳಸುವ .22 ಗುಂಡಿನದು ನೂರು ಜೂಲ್ ದಾಟುತ್ತದೆ. ದೊಡ್ಡ ಸದ್ದು, ದೊಡ್ಡ ಧಕ್ಕೆ ಎದುರಾದರೆ ಹೊಸಬರ ಕೈ ಕುದುರೆ ಎಳೆಯುವ ಮೊದಲೇ ಬೆದರುತ್ತದೆ. ಒಮ್ಮೆ ಅಂಟಿದ ಆ ಚಾಳಿ ಬಿಡಿಸುವುದು ಕಷ್ಟ. 10 ಮೀಟರ್ ದೂರದಲ್ಲಿ ಹತ್ತು ಅಂಕದ ವೃತ್ತದ ಅಗಲ ಕೇವಲ 11.5 ಎಂ.ಎಂ. ಅಲ್ಲಿಗೆ ತಲುಪಿಸುವುದು ಬಲವಲ್ಲ, ಒಂದೇ ಸಮನಾದ ಕೈ.

ಪೆಲೆಟ್‌ನಲ್ಲೂ ಚಪ್ಪಟೆ ತಲೆಯದನ್ನೇ ಕೊಳ್ಳಬೇಕು. ಅದು ಕಾಗದದಲ್ಲಿ ಪಂಚ್ ಹೊಡೆದಂತೆ ದುಂಡನೆಯ ತೂತು ಮಾಡುತ್ತದೆ. ಚೂಪು ತಲೆಯದು ಕಾಗದ ಹರಿದು ಅಂಕದ ಜಗಳ ತರುತ್ತದೆ. ಡಬ್ಬಿಯ ಮೇಲೆ 4.49, 4.50 ಎಂದು ತಲೆಯ ಅಳತೆ ಇರುತ್ತದೆ. ಯಾವ ಅಳತೆ ಯಾವ ನಳಿಕೆಗೆ ಒಗ್ಗುತ್ತದೆ ಎಂಬುದನ್ನು ಅಂಗಡಿಯವರಾಗಲಿ ಯೂಟ್ಯೂಬ್ ಆಗಲಿ ಹೇಳಲಾರರು. ಪಿಸ್ತೂಲನ್ನು ಭದ್ರವಾಗಿ ಬಿಗಿದಿಟ್ಟು ಪ್ರತಿ ಬಗೆಯದರಲ್ಲೂ ಐದೈದು ಹೊಡೆದು, ತೂತುಗಳು ಎಲ್ಲಿ ಒತ್ತಾಗಿ ಬಿದ್ದಿವೆ ಎಂದು ನೋಡಬೇಕು. ಒಗ್ಗಿದ್ದು ಸಿಕ್ಕ ಮೇಲೆ ಅದೇ ಲಾಟಿನ ಡಬ್ಬಿಗಳನ್ನು ಒಟ್ಟಿಗೆ ತರಬೇಕು. ಬನಹಟ್ಟಿಯ ನೇಕಾರರಿಗೆ ಇದನ್ನು ವಿವರಿಸಬೇಕಿಲ್ಲ: ಬೇರೆ ಬೇರೆ ಲಾಟಿನ ನೂಲು ಬೆರೆತರೆ ಸೀರೆಯ ಮೇಲೆ ಬಣ್ಣದ ಪಟ್ಟೆ ಎದ್ದು ಕಾಣುತ್ತದೆ. ದುಬಾರಿ ಪೆಲೆಟ್ ಪಂದ್ಯಕ್ಕಿರಲಿ, ದಿನದ ಅಭ್ಯಾಸಕ್ಕೆ ಅಗ್ಗದ್ದು ಸಾಕು. ಸೀಸ ವಿಷ; ಅಭ್ಯಾಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಮಿರ್ಚಿ ಭಜಿಗೆ ಕೈ ಹಾಕಬೇಡಿ.

ಮುಂದೆ .22ಕ್ಕೆ ಹೋಗುವವರು ಹೈ ವೆಲಾಸಿಟಿ ಎಂಬ ಬರಹಕ್ಕೆ ಮರುಳಾಗಬಾರದು. ಸಾಧಾರಣ ವೇಗದ ಗುಂಡಿನ ಧಕ್ಕೆ ಕಡಿಮೆ, ಕೈ ಬೇಗ ಗುರಿಗೆ ಮರಳುತ್ತದೆ. ಎನ್‌ಸಿಸಿಯವರು ಕ್ಯಾಂಪಿನಲ್ಲಿ .22 ರೈಫಲ್ ಹಿಡಿದಿರುತ್ತಾರೆ, ಅವರಿಗೆ ಇದು ಹೊಸದಲ್ಲ.

ಇನ್ನು ಕಾನೂನು. ಹತ್ತನೇ ತರಗತಿಯಲ್ಲಿ ಲಾವಣಿಯಾಗಿ ಓದಿದ ಹಲಗಲಿ ಇರುವುದು ಮುಧೋಳ ತಾಲ್ಲೂಕಿನಲ್ಲೇ. 1857ರಲ್ಲಿ ಹತಾರ ಒಪ್ಪಿಸಿ ಎಂಬ ಹುಕುಮಿಗೆ ಬಗ್ಗದ ಬೇಡರನ್ನು ಬ್ರಿಟಿಷರು ಗಲ್ಲಿಗೇರಿಸಿದರು. ಆ ಕಥೆ ಹೇಳಿ ಇಂದಿನ ಪರವಾನಗಿಯನ್ನೂ ಗೇಲಿ ಮಾಡುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಅದು ಪರಕೀಯರ ಹುಕುಮು, 1959ರ ಶಸ್ತ್ರಾಸ್ತ್ರ ಕಾಯ್ದೆ ನಮ್ಮ ಸಂಸತ್ತು ಮಾಡಿದ್ದು. .22ಕ್ಕೆ ಪರವಾನಗಿ ಬೇಕೇ ಬೇಕು. 20 ಜೂಲ್ ಮೀರದ 4.5 ಎಂ.ಎಂ. ಏರ್ ಪಿಸ್ತೂಲಿಗೆ ಅದರ ಅಗತ್ಯವಿಲ್ಲ. ನಮ್ಮಂಥವರಿಗೆ ತೆರೆದಿರುವ ಬಾಗಿಲು ಇದೇ.

ಆದರೆ ಪಂದ್ಯಕ್ಕೆ ತಕ್ಕ ಪಿಸ್ತೂಲಿನ ಬೆಲೆ ಲಕ್ಷ ದಾಟುತ್ತದೆ. ಕಬ್ಬಿನ ಬಿಲ್ಲಿಗಾಗಿ ಕಾಯುವ ಮನೆಯವರು ಅದನ್ನು ಕೊಡಿಸಲಾರರು. ಇಲ್ಲಿ ಕಾಲೇಜುಗಳು ಮುಂದೆ ಬರಬೇಕು. 25 ಮೀಟರಿನ ರೇಂಜಿಗೆ ಬಯಲು, ಮಣ್ಣಿನ ದಿಬ್ಬ ಬೇಕಾದೀತು. 10 ಮೀಟರಿನದಕ್ಕೆ ಒಂದು ಉದ್ದನೆಯ ಕೋಣೆ, ಪೆಲೆಟ್ ತಡೆಯುವ ಗಟ್ಟಿ ಹಿಂಬದಿ, ಬೀಗ ಹಾಕಿದ ಕಪಾಟು, ಕಣ್ಣಿಟ್ಟು ನೋಡುವ ಒಬ್ಬ ತರಬೇತುದಾರ ಸಾಕು. ಎರಡು ಪಿಸ್ತೂಲು ತಂದರೆ ದಿನಕ್ಕೆ ಹತ್ತಾರು ಮಂದಿ ಸರದಿಯಲ್ಲಿ ಕಲಿಯಬಹುದು. ಪೆಲೆಟ್ ಖರ್ಚನ್ನು ನಾವೇ ಹಂಚಿಕೊಳ್ಳುತ್ತೇವೆ.