ಗಿಟಾರ್ ಪೆಡಲ್: ದಾಸ್ತಾನಿನ ದೃಷ್ಟಿಯಿಂದ

ನೂರಾರು ನಾದಗಳನ್ನು ಒಂದೇ ಯಂತ್ರದಲ್ಲಿ ಅಡಕಗೊಳಿಸಿದ ಡಿಜಿಟಲ್ ಸಾಧನಗಳು ಬಂದ ಮೇಲೆ, ಗಿಟಾರ್ ವಾದಕರು ಕಾಲಿನಿಂದ ಒತ್ತುವ ಎಫೆಕ್ಟ್ಸ್ ಪೆಡಲ್‌ಗಳ ಕಾಲ ಮುಗಿಯಿತೆಂಬ ಮಾತು ಕೇಳಿಬರುತ್ತಿದೆ. ಲೆಕ್ಕಪರಿಶೋಧಕನಾದ ನನಗೆ ಇದು ಸಮ್ಮತವಲ್ಲ. ಜಪಾನಿನ ಬಾಸ್ ಸಂಸ್ಥೆಯು 1978ರಲ್ಲಿ ಹೊರತಂದ ಡಿಎಸ್-1 ಇಂದಿಗೂ ತಯಾರಾಗುತ್ತಿದೆ; ಅಂಗಡಿಯಲ್ಲಿ ಎರಡು ವರ್ಷ ಉಳಿದರೂ ಅದರ ದಾಸ್ತಾನು ಮೌಲ್ಯವನ್ನು ತಗ್ಗಿಸಬೇಕಾದ ಪ್ರಸಂಗ ವಿರಳ. ಡಿಜಿಟಲ್ ಯಂತ್ರವಾದರೋ ಹೊಸ ಮಾದರಿ ಬಂದ ದಿನವೇ ಹಳತಾಗುತ್ತದೆ.

ಅಮೆರಿಕದಲ್ಲಿ 1994ರಲ್ಲಿ ಮಾರುಕಟ್ಟೆಗೆ ಬಂದ ಕ್ಲಾನ್ ಸೆಂಟಾರ್ ಪೆಡಲನ್ನು ನೋಡಿ. ಅದರ ಅಗ್ಗದ ಅನುಕರಣೆಗಳು ಧಾರಾಳವಾಗಿ ದೊರೆಯುತ್ತಿದ್ದರೂ ಮೂಲ ಪೆಡಲ್‌ಗಳು ಸಾವಿರಾರು ಡಾಲರಿಗೆ ಕೈಬದಲಾಗುತ್ತಿವೆ. (ನಮ್ಮ ಪುಸ್ತಕಗಳಲ್ಲಿ ಇದಕ್ಕೆ ಗುಡ್‌ವಿಲ್ ಎನ್ನುತ್ತೇವೆ.) ಇಂಥ ಸರ್ಕ್ಯೂಟನ್ನು ಸಣ್ಣ ಕಾರ್ಖಾನೆಯೂ ಜೋಡಿಸಬಲ್ಲದು; ಕಷ್ಟವಿರುವುದು ಹೆಸರು ಗಳಿಸುವುದರಲ್ಲಿ. ವಾದ್ಯ ವರ್ತಕರು ಅನಲಾಗ್ ಪೆಡಲ್‌ಗಳನ್ನು ಧೈರ್ಯವಾಗಿ ದಾಸ್ತಾನು ಮಾಡಲಿ. ಡಿಜಿಟಲ್ ಯಂತ್ರಗಳನ್ನು ಮಾತ್ರ ಗ್ರಾಹಕರಿಂದ ಮುಂಗಡ ಪಡೆದೇ ತರಿಸಲಿ.