ನೆರೆನುಡಿಯ ಕಲಿಕೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಿರಿಯರಿಗೆ ಮರಾಠಿಯೆಂದರೆ ಕಹಿ ನೆನಪು. 1956ರವರೆಗೆ ನಮ್ಮ ಜಿಲ್ಲೆಯು ಮುಂಬಯಿ ಆಡಳಿತದಲ್ಲಿತ್ತು. ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಕನ್ನಡವು ಬಹುಕಾಲ ಮರಾಠಿಗೆ ಮಣಿಯಬೇಕಾಯಿತು. ಹೇರಿದ ನುಡಿ ಯಾರಿಗೆ ಪ್ರಿಯವಾದೀತು? ಆದರೆ ಹೇರಿಕೆ ಅಳಿದ ಮೇಲೂ ಕಲಿಕೆಯನ್ನು ದೂರವಿಡುವುದು ವಿವೇಕವೆನಿಸದು.

ಭೀಮೆಯನ್ನು ದಾಟಿ ಸೊಲ್ಲಾಪುರದ ಪೇಟೆಗೆ ಹೋಗುವ ನಮ್ಮ ಅನೇಕ ಹುಡುಗರು ಮರಾಠಿಯಲ್ಲಿ ಚೌಕಾಶಿ ಮಾಡಬಲ್ಲರು, ಒಂದು ಪುಟ ಓದಲಾರರು. ಓದತೊಡಗಿದರೆ ಮೊದಲು ಬೆಳಗುವುದು ಕನ್ನಡವೇ. ನಮ್ಮಲ್ಲಿ ಕಲ್ಲು, ವಹಿ, ಪುಸ್ತಕ ಎಲ್ಲವೂ ನಪುಂಸಕಲಿಂಗ. ಮರಾಠಿಯಲ್ಲಿ ಕಲ್ಲು ಪುಲ್ಲಿಂಗ, ವಹಿ ಸ್ತ್ರೀಲಿಂಗ, ಪುಸ್ತಕ ಮಾತ್ರ ನಪುಂಸಕ. ಕನ್ನಡದ ಲಿಂಗವು ಅರ್ಥವನ್ನು ಅನುಸರಿಸುತ್ತದೆಂಬುದು ಆಗ ತಾನಾಗಿ ಹೊಳೆಯುತ್ತದೆ. ನಮ್ಮ 'ನಾವು' ಎಂಬ ಒಂದೇ ಮಾತಿಗೆ ಅಲ್ಲಿ ಎರಡು: ಕೇಳುವವನನ್ನು ಹೊರಗಿಟ್ಟರೆ 'ಆಮ್ಹಿ', ಒಳಗೊಂಡರೆ 'ಆಪಣ'. ವ್ಯಾಕರಣದ ಪಾಠದಲ್ಲಿ ತೂಕಡಿಸುವ ಮಕ್ಕಳೂ ಇಂಥದಕ್ಕೆ ಕಿವಿಗೊಡುವುದನ್ನು ಕಂಡಿದ್ದೇನೆ.

ಇಂಡಿ ತಾಲೂಕಿನ ನಿಂಬಾಳದಲ್ಲಿ ನೆಲೆಸಿ 1957ರಲ್ಲಿ ಅಲ್ಲಿಯೇ ದೇಹವಿಟ್ಟ ಗುರುದೇವ ರಾನಡೆಯವರು ಮರಾಠಿ, ಹಿಂದಿ, ಕನ್ನಡ ಮೂರೂ ನುಡಿಗಳ ಸಂತಸಾಹಿತ್ಯವನ್ನು ಕುರಿತು ಗ್ರಂಥ ರಚಿಸಿದರು. ಜ್ಞಾನೇಶ್ವರರು ಪಂಢರಪುರದ ವಿಠ್ಠಲನನ್ನು ಕನ್ನಡಿಗನೆಂದು ಹಾಡಿದ್ದನ್ನು ನಮ್ಮ ಮಕ್ಕಳು ಮೂಲದಲ್ಲಿಯೇ ಓದಬೇಡವೇ?

ಇಂಗ್ಲಿಷು, ಹಿಂದಿಗಳ ಭಾರವೇ ಸಾಕೆಂದು ಶಿಕ್ಷಕ ಬಂಧುಗಳು ಹೇಳಬಹುದು. ಅದು ಸುಳ್ಳಲ್ಲ. ಆದರೆ ಹಿಂದಿಗಾಗಿ ನಾಗರಿ ಲಿಪಿಯನ್ನು ಕಲಿತೇ ಇರುತ್ತಾರೆ. ಮರಾಠಿಗೂ ಅದೇ ಲಿಪಿ. ಪರೀಕ್ಷೆ ಬೇಡ, ಅಂಕ ಬೇಡ. ಎಂಟನೆಯ ಇಯತ್ತೆಯಿಂದ (ಈ ಮಾತೂ ಮರಾಠಿಯ ಮೂಲಕ ಬಂದುದೇ!) ವಾರಕ್ಕೊಂದು ಅವಧಿ ಇರಲಿ, ದಾನಿಗಳು ಗ್ರಂಥಾಲಯಕ್ಕೆ ಒಂದು ಕಪಾಟು ಮರಾಠಿ ಪುಸ್ತಕ ಕೊಡಿಸಲಿ.